ಮೀನಿನ ಕಣ್ಣಿಗೆ ಬಣ್ಣ

ಕುಡಚಿ ಹತ್ತಿರದ ಕೃಷ್ಣಾ ದಂಡೆಯಲ್ಲಿ ನಮ್ಮ ಮುತ್ಯಾ ಗಾಳಕ್ಕೆ ಕಣಕ ನಾದುವಾಗ ಚಿಟಿಕೆ ಅರಿಶಿನ ಹಾಕುತ್ತಿದ್ದ. ನಾನು ಇನ್ನಷ್ಟು ಸುರಿಯಲು ಹೋದರೆ, "ಸಾಕೋ, ಬಣ್ಣ ನಿನ್ನ ಕಣ್ಣಿಗಲ್ಲ, ಮೀನಿನ ಕಣ್ಣಿಗೆ" ಅನ್ನುತ್ತಿದ್ದ.

ಬೆಂಗಳೂರಲ್ಲಿ ಕೋಡ್ ಬರೆಯುವ ನಾನು ಈಗ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹುಳ ಎರಕ ಹೊಯ್ಯುತ್ತೇನೆ. ಈ ಹುಳದ ತವರು ಅಮೆರಿಕದ ಆಕ್ರನ್. 1926ರಲ್ಲಿ ಅಲ್ಲಿನ ಗುಡ್‌ರಿಚ್ ಟೈರ್ ಕಂಪನಿಯ ವಾಲ್ಡೊ ಸೀಮನ್ ಪಿವಿಸಿಯನ್ನು ಮೆತ್ತಗೆ ಮಾಡುವ ದಾರಿ ಕಂಡುಕೊಂಡ. 1949ರಲ್ಲಿ ಅದೇ ಊರಿನ ನಿಕ್ ಕ್ರೀಮ್, ಹೆಂಡತಿಯೊಂದಿಗೆ, ಅಡುಗೆಮನೆಯಲ್ಲಿ ವಿನೈಲ್, ಎಣ್ಣೆ, ಬಣ್ಣ ಕಾಯಿಸಿ ಎರೆಹುಳದ ಅಚ್ಚಿಗೆ ಸುರಿದ.

ಮೊದಲ ಸಲ ನಾನು ಮೋಸಹೋದೆ. ಹಸಿ ಪ್ಲಾಸ್ಟಿಸಾಲ್ ಹಾಲಿನಂತೆ ಬೆಳ್ಳಗಿರುತ್ತದೆ. ಕಂದು ಬಣ್ಣ ತೆಳುವೆನಿಸಿ ಹನಿ ಮೇಲೆ ಹನಿ ಹಾಕಿದೆ. ಸುಮಾರು 175 ಡಿಗ್ರಿಗೆ ಕಾಯುತ್ತಲೇ ಬಿಳುಪು ಹೋಯಿತು, ಹುಳ ಕಪ್ಪಾಯಿತು. ಹಾಕಿದ ಬಣ್ಣ ತೆಗೆಯಲು ಬರುವುದಿಲ್ಲ. ಬಣ್ಣವಿಲ್ಲದ ದ್ರಾವಣ ಬೆರೆಸಿ ತಿಳಿ ಮಾಡಬೇಕಷ್ಟೇ.

ಮಳೆಗಾಲದಲ್ಲಿ ಅದನ್ನೇ ಊರಿಗೆ ಒಯ್ದೆ. ಹೊಳಿ ಕೆಂಪಾಗಿತ್ತು. ರಾಡಿ ನೀರಲ್ಲಿ ಕಪ್ಪು ಆಕಾರ ಎದ್ದು ಕಾಣುತ್ತದೆ. ಬೇಸಿಗೆಯ ತಿಳಿನೀರಿಗೆ ತೆಳು ಬಣ್ಣ ಒಪ್ಪುತ್ತದೆ. ಸಂಜೆ ಬಾಳೆ ಮೀನೊಂದು ಸಿಕ್ಕಿತು. ಮರುಎಸೆತಕ್ಕೆ ಹುಳ ಕಲ್ಲಿಗೆ ಸಿಕ್ಕಿ ದಾರ ಹರಿಯಿತು.

ಮುತ್ಯಾನ ಕಣಕ ನೀರಲ್ಲಿ ಕರಗಿ ಹೋಗುತ್ತಿತ್ತು. ನನ್ನ ಹುಳ ಇನ್ನೂ ಅಲ್ಲೇ ಇದ್ದೀತು. ಅಂದಿನಿಂದ ಹರಿದ ಹುಳ ಎಸೆಯುವುದಿಲ್ಲ, ಕೂಡಿಸಿ ಕರಗಿಸುತ್ತೇನೆ. ಎಲ್ಲ ಬಣ್ಣ ಬೆರೆತು ಕಂದಾಗುತ್ತದೆ. ಮಳೆಗಾಲದ ಹೊಳಿಗೆ ಅಷ್ಟು ಸಾಕು.