ಎರಡು ಫಿರಂಗಿ, ಎರಡೇ ಗುಂಡು
ಓಸ್ಕಾರ್ಸ್‌ಬೋರ್ಗ್ ಕೋಟೆ, ನಾರ್ವೆ

ಸಮುದ್ರದಿಂದ ಓಸ್ಲೋ ಸೇರಬೇಕಾದ ಹಡಗು ಡ್ರೋಬಾಕ್ ಪಟ್ಟಣದ ಎದುರಿನ ಈ ಇಕ್ಕಟ್ಟಾದ ಜಲಮಾರ್ಗವನ್ನು ದಾಟಲೇಬೇಕು. ದೊಡ್ಡ ನೌಕಾಪಡೆ ಸಾಕುವ ಶಕ್ತಿಯಿಲ್ಲದ ನಾರ್ವೆ ತನ್ನ ರಾಜಧಾನಿಯ ಕಾವಲನ್ನು ಇಲ್ಲಿಟ್ಟಿತು.

ನಿಮ್ಮ ಮುಂದಿರುವುದು ಜರ್ಮನಿಯ ಕ್ರುಪ್ ಕಾರ್ಖಾನೆಯ 28 ಸೆಂ.ಮೀ. ಫಿರಂಗಿಗಳು. 1893ರಲ್ಲಿ ಕೂರಿಸಿದ ಈ ಮೂರಕ್ಕೆ ಮೋಶೆ, ಆರೋನ, ಯೆಹೋಶುವ ಎಂದು ಹೆಸರು. ಇಳಿಸುವಾಗ ಒಂದು ನೀರಿಗೆ ಬಿತ್ತಂತೆ. ಮೇಲೆತ್ತಿದ ಅದಕ್ಕೇ, ಬೈಬಲಿನಲ್ಲಿ ನೀರಿನಿಂದ ಎತ್ತಲ್ಪಟ್ಟ ಮೋಶೆಯ ಹೆಸರು ಬಂತೆಂದು ಹೇಳುತ್ತಾರೆ.

1940ರ ಏಪ್ರಿಲ್ 9ರ ನಸುಕು. ಜರ್ಮನಿಯ ಹೊಚ್ಚಹೊಸ ಯುದ್ಧನೌಕೆ ಬ್ಲ್ಯೂಖರ್ ಮುಂದಾಳಾಗಿ ಹಡಗುಗಳ ಸಾಲು ಓಸ್ಲೋ ಹಿಡಿಯಲು ಒಳಗೆ ಬಂತು. ಕೋಟೆಯಲ್ಲಿದ್ದವರಲ್ಲಿ ಬಹಳಷ್ಟು ಮಂದಿ ವಾರದ ಹಿಂದಷ್ಟೇ ಸೇರಿದ ಹುಡುಗರು. ಎರಡು ಫಿರಂಗಿಗೆ ಜನ ಹೊಂದಿಸುವುದೇ ಕಷ್ಟವಾಗಿ ಅಡುಗೆಯವರೂ ಕೈಜೋಡಿಸಿದರು. ಮತ್ತೊಮ್ಮೆ ಗುಂಡು ತುಂಬಲು ವ್ಯವಧಾನವಿರಲಿಲ್ಲ. ಬಂದದ್ದು ಯಾರ ಹಡಗೆಂದು ಖಚಿತವಿರಲಿಲ್ಲ, ಮೇಲಿನ ಆದೇಶವೂ ಇರಲಿಲ್ಲ. ಹೊಣೆಯನ್ನೆಲ್ಲ ತಮ್ಮ ಮೇಲೆ ಹೊತ್ತು ಕೋಟೆಯ ಮುಖ್ಯಸ್ಥ ಕರ್ನಲ್ ಬಿರ್ಗರ್ ಎರಿಕ್ಸನ್ ಗುಂಡು ಹಾರಿಸಲು ಹೇಳಿದರು. ಆ ಧೈರ್ಯಕ್ಕೆ ಈ ದೇಶ ಇಂದಿಗೂ ಋಣಿ.

ಎರಡೂ ಗುಂಡು ತಾಗಿದವು. ಹೊತ್ತಿ ಉರಿಯುತ್ತಲೇ ಮುಂದೆ ಸಾಗಿದ ಹಡಗಿಗೆ ಪಕ್ಕದ ಪುಟ್ಟ ದ್ವೀಪದ ಬಂಡೆಯೊಳಗೆ ಅಡಗಿಸಿಟ್ಟಿದ್ದ ಟಾರ್ಪಿಡೊಗಳು ಬಡಿದವು. ಅವು ಸುಮಾರು ನಲವತ್ತು ವರ್ಷ ಹಳೆಯವು! ಬ್ಲ್ಯೂಖರ್ ಮುಳುಗಿತು, ಉಳಿದ ಹಡಗುಗಳು ಹಿಂದಿರುಗಿದವು.

ಓಸ್ಲೋ ಅದೇ ದಿನ ಶತ್ರುವಿನ ವಶವಾಯಿತು. ವಿಮಾನದಲ್ಲಿ ಬಂದ ಸೈನಿಕರನ್ನು ಈ ಫಿರಂಗಿಗಳು ತಡೆಯುವಂತಿರಲಿಲ್ಲ. ಮರುದಿನ ಕೋಟೆಯೂ ಶರಣಾಯಿತು. ಆದರೆ ಹಡಗು ಮುಳುಗಿ ನಗರ ವಶವಾಗುವ ನಡುವೆ ಸಿಕ್ಕ ಕೆಲವೇ ತಾಸಿನಲ್ಲಿ ದೊರೆ ಏಳನೆಯ ಹಾಕೋನ್, ಸರ್ಕಾರ, ಸಂಸತ್ತು ಮತ್ತು ದೇಶದ ಕೇಂದ್ರ ಬ್ಯಾಂಕಿನ ಸುಮಾರು 50 ಟನ್ ಚಿನ್ನ ನಗರದಿಂದ ಹೊರಬಿದ್ದಿದ್ದವು.