ಕ್ಯಾಂಪಸ್ ಹಣಕಾಸು ಸಾಕ್ಷರತೆ (ಭಾರತ)

ಹಣದ ಲೆಕ್ಕ, ಸಾಲ, ಉಳಿತಾಯ, ವಿಮೆಗಳ ತಿಳಿವಳಿಕೆಯನ್ನು ಕಾಲೇಜುಗಳು ಬ್ಯಾಂಕು ಮತ್ತು ನಿಯಂತ್ರಕ ಸಂಸ್ಥೆಗಳೊಡನೆ ಸೇರಿ ವಿದ್ಯಾರ್ಥಿಗಳಿಗೆ ಕೊಡುವ ವ್ಯವಸ್ಥೆ. ರಿಸರ್ವ್ ಬ್ಯಾಂಕ್, ಸೆಬಿ, ವಿಮೆ ಮತ್ತು ಪಿಂಚಣಿ ಪ್ರಾಧಿಕಾರಗಳು ಸೇರಿ ಕಟ್ಟಿದ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರದ 2019ರ ಸಮೀಕ್ಷೆಯಲ್ಲಿ ಈ ಸಾಕ್ಷರತೆ ಕಂಡದ್ದು ಶೇ. 27 ವಯಸ್ಕರಲ್ಲಿ ಮಾತ್ರ. ಪದವಿ ತರಗತಿಗೆ ಬರುವವರು ಇದೇ ಸಮಾಜದ ಮಕ್ಕಳು. ಮನೆಯಲ್ಲಿ ಸಿಗದ ಪಾಠ ಕಾಲೇಜಿನಲ್ಲಾದರೂ ಸಿಗಬೇಕು.

ಇಂಥ ಪಾಠ ವ್ಯರ್ಥವೆಂಬ ಆಕ್ಷೇಪ ಹಗುರವಾದದ್ದಲ್ಲ. ಸಂಶೋಧಕರಾದ ಫರ್ನಾಂಡಿಸ್, ಲಿಂಚ್ ಮತ್ತು ನೆಟೆಮೇಯರ್ 2014ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ಹಣಕಾಸು ನಡವಳಿಕೆಯ ವ್ಯತ್ಯಾಸದಲ್ಲಿ ಶಿಕ್ಷಣದ ಪಾಲು ಶೇ. 0.1ರಷ್ಟೇ ಇತ್ತು, ಕಲಿತದ್ದೂ ಕಾಲ ಕಳೆದಂತೆ ಮಾಸುತ್ತಿತ್ತು. ಆದರೆ 76 ಯಾದೃಚ್ಛಿಕ ಪ್ರಯೋಗಗಳನ್ನು ಆಧರಿಸಿದ 2022ರ ಕೈಸರ್ ಮತ್ತು ಸಂಗಡಿಗರ ವಿಶ್ಲೇಷಣೆ ತಿಳಿವಳಿಕೆ, ನಡವಳಿಕೆ ಎರಡರಲ್ಲೂ ಸುಧಾರಣೆ ಕಂಡಿತು. ಎರಡನ್ನೂ ಒಟ್ಟಿಗೆ ಓದಿದರೆ ಪ್ರಶ್ನೆ ಪಾಠ ಬೇಕೇ ಎಂಬುದಲ್ಲ, ಯಾವಾಗ ಎಂಬುದು. ಶಿಕ್ಷಣ ಸಾಲದ ಅರ್ಜಿಗೆ ಸಹಿ ಹಾಕುವ ವಾರದಲ್ಲೇ, ಮರುಪಾವತಿಗೆ ವಿರಾಮವಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂದು ತಿಳಿಸಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ; ಮೂರು ವರ್ಷ ಮೊದಲಿನ ಉಪನ್ಯಾಸ ನಿಲ್ಲುವುದು ಕಷ್ಟ. ಆ ಗಳಿಗೆ ಕಾಲೇಜಿಗೆ ಗೊತ್ತು, ಸಾಲದ ವಿವರ ಬ್ಯಾಂಕಿಗೆ ಗೊತ್ತು. ಸಹಭಾಗಿತ್ವದ ನಿಜವಾದ ಸಮರ್ಥನೆ ಇದೇ.

ಬ್ಯಾಂಕು ಪಾಠದ ನೆಪದಲ್ಲಿ ಕ್ರೆಡಿಟ್ ಕಾರ್ಡ್ ಮಾರೀತು ಎಂಬ ಆತಂಕ ನ್ಯಾಯವಾದದ್ದೇ. ಪಠ್ಯವನ್ನು ಅಧ್ಯಾಪಕರೇ ರೂಪಿಸಿ, ತರಗತಿಯಲ್ಲಿ ಖಾತೆ ತೆರೆಸುವುದನ್ನೂ ಮೊಬೈಲ್ ಸಂಖ್ಯೆ ಸಂಗ್ರಹಿಸುವುದನ್ನೂ ಒಪ್ಪಂದದಲ್ಲೇ ನಿಷೇಧಿಸಬೇಕು.