ಚೌಕದ ಒಡೆಯರು

ಮೈಸೂರಿನ ವೃತ್ತಗಳ ಚೆಲುವನ್ನು ಹೊಗಳುವವರು ಅವು ಯಾರಿಗಾಗಿ ಹುಟ್ಟಿದವೆಂದು ಕೇಳುವುದು ವಿರಳ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಇಕ್ಕಟ್ಟಿನ ಊರು. ಕೋಟೆಯ ಒಳಗೇ ಮನೆಗಳು ಒತ್ತಾಗಿದ್ದವು. ಊರ ನಡುವೆ ಪೂರ್ಣಯ್ಯನವರ ನಾಲೆ ಕೊಚ್ಚೆಯಾಗಿ ನಿಂತಿತ್ತು. ಆ ನಾಲೆಯನ್ನು ಮುಚ್ಚಿದ ಮೇಲೆ ದೊರೆತದ್ದೇ ಸಯ್ಯಾಜಿರಾವ್ ರಸ್ತೆ. 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷವೇ ಪ್ಲೇಗು ಬಂದಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಲಿಯೊಂದು ಏರ್ಪಟ್ಟಿತು. ಗಾಳಿ, ಬೆಳಕು, ಆರೋಗ್ಯ ಇವೇ ಅದರ ಮೊದಲ ಚಿಂತೆ.

ಅರಮನೆಯ ಸುತ್ತಿನ ವೃತ್ತಗಳಿಗಾದರೋ ಬೇರೊಂದು ಉದ್ದೇಶವಿತ್ತು. ಚಾಮರಾಜ ವೃತ್ತ, ಕೃಷ್ಣರಾಜ ವೃತ್ತಗಳಲ್ಲಿ ಮಂಟಪದ ಕೆಳಗೆ ಅರಸರ ಪ್ರತಿಮೆಗಳಿವೆ. ಬನ್ನಿಮಂಟಪಕ್ಕೆ ಸಾಗುವ ದಸರಾ ಮೆರವಣಿಗೆ ಇವುಗಳನ್ನು ಬಳಸಿಯೇ ಹೋಗುತ್ತದೆ. ಇವು ನೋಡುವುದಕ್ಕಾಗಿ ಮಾಡಿದ ಚೌಕಗಳು. 1886ರ ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ನರ ಭೇಟಿಯ ನೆನಪು. 1927ರ ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ್ದು. ಆದರೆ ಜನ ಕಾರಣವನ್ನು ಮರೆತು ಗಡಿಯಾರವನ್ನು ಉಳಿಸಿಕೊಂಡರು. ದೇವರಾಜ ಮಾರುಕಟ್ಟೆಗೆ ಬಂದವರಿಗೆ ಚಿಕ್ಕ ಗಡಿಯಾರದ ಬುಡವೇ ಭೇಟಿಯ ಗುರುತು; ಡಫರಿನ್ನರ ಹೆಸರು ಅಲ್ಲಿ ಯಾರ ಬಾಯಲ್ಲೂ ಇಲ್ಲ. ಚೌಕದ ಒಡೆತನ ಹೀಗೆ ಸದ್ದಿಲ್ಲದೆ ಕೈ ಬದಲಾಯಿಸಿತು.

ಅಗ್ರಹಾರದ ಕಥೆ ಇದಕ್ಕೆ ವಿಲೋಮವಾದುದು. ಅಗ್ರಹಾರವೆಂದರೆ ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ಮನೆಗಳ ಸಾಲು. ಎಲ್ಲರಿಗೂ ಸೇರಿದ ಬಯಲಿನ ಕಲ್ಪನೆ ಆ ಹೆಸರಿನಲ್ಲಿಲ್ಲ. ಆದರೂ ನೂರೊಂದು ಗಣಪತಿಯ ಗುಡಿ, ವಾಣಿವಿಲಾಸ ಮಾರುಕಟ್ಟೆ, ಬಂದು ಕೂಡುವ ಬೀದಿಗಳು, ಇವೆಲ್ಲ ಸೇರಿ ಅಲ್ಲೊಂದು ವೃತ್ತವನ್ನು ಕಟ್ಟಿದವು. ಅದಕ್ಕೆ ಅರಸರ ಮಂಟಪದ ವೈಭವವಿಲ್ಲ. ಆದರೂ ಅದು ತುಂಬಿಯೇ ಇರುತ್ತದೆ.

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಹಳೆಯದನ್ನು ಹಾಗೆಯೇ ಬಿಡುವುದು ರಕ್ಷಣೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗೆಂದು ಕಲ್ಲು ಹಾಸಿ, ಹಳೆಯ ಮಾದರಿಯ ದೀಪ ನಿಲ್ಲಿಸಿದ ಮಾತ್ರಕ್ಕೆ ಚೌಕ ಹೊಸತಾಗುವುದಿಲ್ಲ. ಹೂ ಮಾರುವವಳಿಗೆ ನೆರಳು, ಮುದುಕರಿಗೆ ಕೂರಲು ಕಟ್ಟೆ, ಮಕ್ಕಳಿಗೆ ಅಂಜದೆ ರಸ್ತೆ ದಾಟಲು ದಾರಿ ಇವು ಮೊದಲು ಬರಬೇಕು. ನಾಲೆಯನ್ನು ಮುಚ್ಚಿದವರು ನೋಟಕ್ಕಿಂತ ಮುಂಚೆ ನಿವಾಸಿಗಳ ಉಸಿರನ್ನು ನೆನೆದರು. ಮೈಸೂರಿನ ಚೌಕಗಳನ್ನು ತಿದ್ದಹೊರಟವರು ಕಲಿಯಬೇಕಾದದ್ದು ಮಂಟಪಗಳಿಂದಲ್ಲ, ಆ ನಾಲೆಯಿಂದ ಎಂದೇ ನನ್ನ ಎಣಿಕೆ.